ಇಲಿಗೆ ಗುಣವಾದರೆ ನಮಗೂ ಗುಣವಾಗುತ್ತದೆಯೇ?

ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಇಂಥ ಒಂದು ಮೆಸೇಜು ಬಂದಿರಬಹುದು: "ಅರಿಶಿನದಿಂದ ಬಾಯಿ ಕ್ಯಾನ್ಸರ್ ವಾಸಿಯಾಗುತ್ತದೆ, ಹೈದರಾಬಾದಿನ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಹತ್ತು ಜನಕ್ಕೆ ಕಳಿಸಿ, ಸವಾಬ್ ಪಡೆಯಿರಿ." ನಮ್ಮ ಗ್ರೂಪಿಗೆ ಬಂದಿತ್ತು. ಕಳಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಆಗ ಬೀದರಿನಲ್ಲಿರುವ ನಮ್ಮ ಮಾಮುವಿನ ಎಡಗೆನ್ನೆಯ ಒಳಗೆ ಒಂದು ಬಿಳಿ ಕಲೆ ಇತ್ತು. ಇಪ್ಪತ್ತು ವರ್ಷ ಗುಟ್ಕಾ ಒತ್ತಿಟ್ಟುಕೊಂಡ ಜಾಗ ಅದು. ಹಲ್ಲಿನ ಡಾಕ್ಟರು ನೋಡಿ, "ಹೈದರಾಬಾದಿಗೆ ಹೋಗಿ ತೋರಿಸಿ, ತಡ ಮಾಡಬೇಡಿ" ಅಂದಿದ್ದರು.

ಮಾಮು ಹೋಗಲಿಲ್ಲ. "ಹಲ್ದಿ ತೋ ಘರ್ ಕೀ ಚೀಜ್ ಹೈ, ಉಸ್ಸೆ ಕ್ಯಾ ನುಕ್ಸಾನ್" ಅಂತ ಅರಿಶಿನದ ಪುಡಿಯನ್ನು ಜೇನಿನಲ್ಲಿ ಕಲಸಿ ಐದು ತಿಂಗಳು ಹಚ್ಚಿಕೊಂಡರು. ಅರಿಶಿನ ಏನೂ ಹಾನಿ ಮಾಡಲಿಲ್ಲ, ನಿಜ. ಹಾನಿ ಮಾಡಿದ್ದು ಆ ಐದು ತಿಂಗಳು. ಕೊನೆಗೆ ಹೈದರಾಬಾದಿಗೆ ಕರೆದುಕೊಂಡು ಬಂದಾಗ ಕಲೆ ಗಡ್ಡೆಯಾಗಿತ್ತು, ಕತ್ತಿನವರೆಗೂ ಇಳಿದಿತ್ತು. ಆಪರೇಷನ್ನಿನಲ್ಲಿ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು.

ನಾನು ವಿಜ್ಞಾನ ಕಲಿಸುವ ಟೀಚರು. ಮಾಮುವಿನ ಕೈಗೆ ಆ ಮೆಸೇಜು ಸಿಕ್ಕಾಗ ನಾನೂ ಅದೇ ಗ್ರೂಪಿನಲ್ಲಿದ್ದೆ. "ಸುಳ್ಳು" ಅಂತ ಒಂದು ಪದ ಬರೆದು ಸುಮ್ಮನಾಗಿದ್ದೆ. ಯಾಕೆ ಸುಳ್ಳು ಅಂತ ಬಿಡಿಸಿ ಹೇಳಲಿಲ್ಲ. ಅಸಲಿಗೆ ಅದು ಪೂರ್ತಿ ಸುಳ್ಳಾಗಿರಲೂ ಇಲ್ಲ. ಹೈದರಾಬಾದಿನಲ್ಲಿ ಅಂಥ ಪ್ರಯೋಗ ನಡೆದದ್ದು ನಿಜ. ಆದರೆ ನಡೆದದ್ದು ಯಾರ ಮೇಲೆ, ಹೇಗೆ, ಅದರಿಂದ ಗೊತ್ತಾಗಿದ್ದು ಏನು ಎಂಬುದು ಮೆಸೇಜಿನಲ್ಲಿ ಇರಲಿಲ್ಲ. ಅವತ್ತು ಹೇಳದೇ ಇದ್ದದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ತಾರ್ನಾಕಾದಲ್ಲಿ ನಡೆದದ್ದೇನು?

ಹೈದರಾಬಾದಿನ ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಎಲ್ಲರೂ ಎನ್.ಐ.ಎನ್. ಅನ್ನುತ್ತಾರೆ. 1918ರಲ್ಲಿ ಕೂನೂರಿನಲ್ಲಿ ಚಿಕ್ಕದಾಗಿ ಶುರುವಾಗಿ, 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆ. ನಾವು ತಿನ್ನುವ ಆಹಾರಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಹುಡುಕುವುದು ಇವರ ಕೆಲಸ. ಅಲ್ಲಿ ಡಾ. ಕಮಲಾ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಅರಿಶಿನದ ಮೇಲೆ ಹಲವು ಪ್ರಯೋಗಗಳನ್ನು ಮಾಡಿದರು. ಅದರಲ್ಲಿ ಒಂದು 1998ರಲ್ಲಿ ಪ್ರಕಟವಾಯಿತು. ಪ್ರಯೋಗಕ್ಕೆ ಒಳಗಾದದ್ದು ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿ.

ಹ್ಯಾಮ್‌ಸ್ಟರ್ ನಮ್ಮ ಇಲಿಯ ದೂರದ ಸಂಬಂಧಿ. ಅದರ ಎರಡೂ ಕೆನ್ನೆಯ ಒಳಗೆ ಚೀಲವಿರುತ್ತದೆ. ಕಾಳುಕಡ್ಡಿ ಸಿಕ್ಕರೆ ಚೀಲದಲ್ಲಿ ತುಂಬಿಕೊಂಡು ಬಿಲಕ್ಕೆ ಓಡುತ್ತದೆ. ಪ್ರಯೋಗಾಲಯದಲ್ಲಿ ಸಾಕುವ ಚಿನ್ನದ ಬಣ್ಣದ ಹ್ಯಾಮ್‌ಸ್ಟರ್‌ಗಳ ಮೂಲ ಶಾಮ್ ದೇಶ, ಅಂದರೆ ಸಿರಿಯಾ. 1930ರಲ್ಲಿ ಹಲಬ್ ಊರಿನ ಹತ್ತಿರ ಬಿಲ ಅಗೆದು ಹಿಡಿದ ಒಂದು ತಾಯಿ ಮತ್ತು ಅದರ ಮರಿಗಳಿಂದಲೇ ಇಂದು ಲ್ಯಾಬುಗಳಲ್ಲಿರುವ ಹೆಚ್ಚುಕಡಿಮೆ ಎಲ್ಲ ಹ್ಯಾಮ್‌ಸ್ಟರ್‌ಗಳೂ ಬಂದಿವೆ. ಒಂದೇ ಖಾಂದಾನ್ ಅನ್ನಿ.

ವಿಜ್ಞಾನಿಗಳಿಗೆ ಬೇಕಾಗಿದ್ದು ಈ ಕೆನ್ನೆಚೀಲ. ಡಿ.ಎಂ.ಬಿ.ಎ. ಎಂಬ ರಾಸಾಯನಿಕವನ್ನು ಕುಂಚದಿಂದ ಚೀಲದ ಒಳಗೋಡೆಗೆ ವಾರಕ್ಕೆ ಕೆಲವು ಸಲದಂತೆ ಹಲವು ವಾರ ಬಳಿದರೆ, ಮೊದಲು ಚರ್ಮ ದಪ್ಪವಾಗುತ್ತದೆ, ಆಮೇಲೆ ಕಲೆ, ಆಮೇಲೆ ಗಡ್ಡೆ. ಗುಟ್ಕಾ ತಿನ್ನುವವರ ಬಾಯಲ್ಲಿ ವರ್ಷಗಟ್ಟಲೆ ನಡೆಯುವುದು ಇಲ್ಲಿ ಕೆಲವೇ ತಿಂಗಳಲ್ಲಿ ಕಣ್ಣೆದುರು ನಡೆಯುತ್ತದೆ. ಎನ್.ಐ.ಎನ್.ನವರು ಕೆಲವು ಹ್ಯಾಮ್‌ಸ್ಟರ್‌ಗಳಿಗೆ ಈ ರಾಸಾಯನಿಕದ ಜೊತೆಗೆ ಅರಿಶಿನವನ್ನೂ ಕೊಟ್ಟರು, ಆಹಾರದಲ್ಲಿ ಮತ್ತು ಲೇಪದ ರೂಪದಲ್ಲಿ. ಅರಿಶಿನ ಸಿಕ್ಕ ಪ್ರಾಣಿಗಳಲ್ಲಿ ಗಡ್ಡೆಗಳು ಕಡಿಮೆ ಹುಟ್ಟಿದವು.

ಈಗ ಸ್ವಲ್ಪ ನಿಂತು ಯೋಚಿಸಿ. ಇಲ್ಲಿ ಅರಿಶಿನ ಗಡ್ಡೆಯನ್ನು ಕರಗಿಸಿತಾ? ಇಲ್ಲ. ಹೊಸದಾಗಿ ಹುಟ್ಟುವುದನ್ನು ಸ್ವಲ್ಪ ಮಟ್ಟಿಗೆ ತಡೆಯಿತು, ಅಷ್ಟೇ. ಬಾಗಿಲಿಗೆ ಚಿಲಕ ಹಾಕಿ ಕಳ್ಳ ಬರದಂತೆ ನೋಡಿಕೊಳ್ಳುವುದು ಬೇರೆ, ಒಳಗೆ ನುಗ್ಗಿ ಕೂತ ಕಳ್ಳನನ್ನು ಹೊರಹಾಕುವುದು ಬೇರೆ. ಮಾಮುವಿನ ಮನೆಯೊಳಗೆ ಕಳ್ಳ ಆಗಲೇ ಬಂದು ಕೂತಿದ್ದ. ಅವರು ಐದು ತಿಂಗಳು ಬಾಗಿಲಿಗೆ ಚಿಲಕ ಹಾಕುತ್ತಾ ಇದ್ದರು.

ಇನ್ನೊಂದು ಮಾತು. ಡಿ.ಎಂ.ಬಿ.ಎ. ಲ್ಯಾಬಿನಲ್ಲಿ ತಯಾರಿಸಿದ ರಾಸಾಯನಿಕ, ಗುಟ್ಕಾದಲ್ಲಿ ಅದು ಇರುವುದಿಲ್ಲ. ಗುಟ್ಕಾದಲ್ಲಿರುವುದು ತಂಬಾಕು, ಅಡಿಕೆ, ಸುಣ್ಣ ಮತ್ತು ಇನ್ನೂ ಹಲವು. ತಂಬಾಕು ಬಿಟ್ಟು ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಹಾಗಾಗಿ ಹ್ಯಾಮ್‌ಸ್ಟರ್‌ನ ಗಡ್ಡೆ ನಮ್ಮ ಗಡ್ಡೆಯನ್ನು ಹೋಲುತ್ತದೆ, ಆದರೆ ಅದೇ ಅಲ್ಲ.

'ಮಾದರಿ' ಅಂದರೆ ಏನು?

ನಾನು ಕ್ಲಾಸಿನಲ್ಲಿ ಗ್ಲೋಬ್ ಹಿಡಿದು ಭೂಮಿಯ ಪಾಠ ಮಾಡುತ್ತೇನೆ. ಗ್ಲೋಬಿನಲ್ಲಿ ಹಗಲು ರಾತ್ರಿ ಹೇಗೆ ಆಗುತ್ತದೆ ತೋರಿಸಬಹುದು, ಮಳೆ ತೋರಿಸಲು ಆಗುವುದಿಲ್ಲ. ಗ್ಲೋಬ್ ಭೂಮಿಯ ಮಾದರಿ. ಕೆಲವು ಪ್ರಶ್ನೆಗಳಿಗೆ ಮಾತ್ರ ಅದು ಉತ್ತರ ಕೊಡುತ್ತದೆ. ಕ್ಯಾನ್ಸರ್ ಸಂಶೋಧನೆಯಲ್ಲೂ ಹಾಗೆಯೇ. ಹೊಸ ವಸ್ತುವೊಂದನ್ನು ನೇರವಾಗಿ ರೋಗಿಗೆ ಕೊಟ್ಟು ನೋಡುವುದು ಅಪಾಯ, ಅನ್ಯಾಯ. ಅದಕ್ಕೇ ರೋಗದ ಒಂದು ಅಂಶವನ್ನು ಹೋಲುವ ಮಾದರಿಗಳನ್ನು ಕಟ್ಟಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾರೆ.

ಮೊದಲ ಮೆಟ್ಟಿಲು ಬ್ಯಾಕ್ಟೀರಿಯಾ. ಅಮೆರಿಕದ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ಒಂದು ಸರಳ ಪರೀಕ್ಷೆ ಕಂಡುಹಿಡಿದರು. ಒಂದು ಪೋಷಕಾಂಶವನ್ನು ತಾವೇ ತಯಾರಿಸಿಕೊಳ್ಳಲಾಗದ ಬ್ಯಾಕ್ಟೀರಿಯಾಗಳನ್ನು ಅದಿಲ್ಲದ ತಟ್ಟೆಯಲ್ಲಿ ಇಡುತ್ತಾರೆ. ಅವು ಬೆಳೆಯುವುದಿಲ್ಲ. ಅನುಮಾನವಿರುವ ವಸ್ತುವನ್ನು ಸೇರಿಸಿದ ಮೇಲೆ ಬೆಳೆಯಲು ಶುರು ಮಾಡಿದರೆ, ಆ ವಸ್ತು ಅವುಗಳ ಜೀನನ್ನು ಬದಲಿಸಿದೆ ಎಂದರ್ಥ. ಜೀನ್ ಬದಲಿಸುವ ವಸ್ತು ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚು. ಎನ್.ಐ.ಎನ್.ನವರು ಇದನ್ನೂ ಬಳಸಿದ್ದಾರೆ. 16 ಮಂದಿ ಬೀಡಿ ಸಿಗರೇಟು ಸೇದುವವರಿಗೆ ದಿನಕ್ಕೆ ಒಂದೂವರೆ ಗ್ರಾಂ ಅರಿಶಿನವನ್ನು 30 ದಿನ ಕೊಟ್ಟು, ಅವರ ಮೂತ್ರವನ್ನು ಈ ರೀತಿ ಪರೀಕ್ಷಿಸಿದರು. ಜೀನ್ ಕೆಡಿಸುವ ವಸ್ತುಗಳು ಕಡಿಮೆಯಾಗಿದ್ದವು. 1992ರಲ್ಲಿ ಪ್ರಕಟವಾದ ಒಳ್ಳೆಯ ಕೆಲಸ ಇದು. ಆದರೆ ಅಲ್ಲಿ ನೋಡಿದ್ದು ಮೂತ್ರವನ್ನು, ಗಡ್ಡೆಯನ್ನಲ್ಲ.

ಎರಡನೇ ಮೆಟ್ಟಿಲು ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆ ಗರ್ಭಕಂಠದ ಕ್ಯಾನ್ಸರಿನಿಂದ ಆಸ್ಪತ್ರೆಗೆ ಸೇರಿದರು. ಅವರನ್ನು ಕೇಳದೆಯೇ ಗಡ್ಡೆಯ ಒಂದು ಚೂರನ್ನು ಲ್ಯಾಬಿಗೆ ಕಳಿಸಲಾಯಿತು. ಅದೇ ವರ್ಷ ಅವರು ತೀರಿಕೊಂಡರು, ಐದು ಮಕ್ಕಳ ತಾಯಿ. ಅವರ ಜೀವಕೋಶಗಳು ಮಾತ್ರ ಇಂದಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. 'ಹೀಲಾ' ಅಂತ ಅವುಗಳ ಹೆಸರು. ಮನೆಯವರಿಗೆ ಈ ವಿಷಯ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಇಂದು ರೋಗಿಯ ಒಪ್ಪಿಗೆ ಪಡೆದೇ ಚೂರು ತೆಗೆದುಕೊಳ್ಳಬೇಕು ಎಂಬ ನಿಯಮದ ಹಿಂದೆ ಇಂಥ ನೋವುಗಳಿವೆ.

ತಟ್ಟೆಯಲ್ಲಿ ಸಾವಿರಾರು ವಸ್ತುಗಳನ್ನು ಬೇಗ ಪರೀಕ್ಷಿಸಬಹುದು. ಆದರೆ ತಟ್ಟೆಗೆ ಹೊಟ್ಟೆ ಇಲ್ಲ, ಲಿವರ್ ಇಲ್ಲ, ರಕ್ತ ಹರಿಯುವುದಿಲ್ಲ. ಅರಿಶಿನದ ಕಥೆ ಎಡವುವುದು ಇಲ್ಲೇ. ಅರಿಶಿನದಲ್ಲಿ ಕೆಲಸ ಮಾಡುವ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಪಾಲು ಮಾತ್ರ. ಅದನ್ನು ಕ್ಯಾನ್ಸರ್ ಕೋಶಗಳ ಮೇಲೆ ನೇರವಾಗಿ ಸುರಿದರೆ ಕೋಶಗಳು ಸಾಯುತ್ತವೆ. ನಾವು ನುಂಗಿದಾಗ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಸೇರಿದ್ದನ್ನೂ ಲಿವರ್ ಬೇಗ ಒಡೆದು ಹೊರಹಾಕುತ್ತದೆ. ತಟ್ಟೆಯಲ್ಲಿ ಸಿಕ್ಕಷ್ಟು ಪ್ರಮಾಣ ಗಡ್ಡೆಗೆ ಸಿಗುವುದೇ ಇಲ್ಲ.

ಮೂರನೇ ಮೆಟ್ಟಿಲು ಪ್ರಾಣಿಗಳು

ಪ್ರಾಣಿಯಲ್ಲಿ ಕ್ಯಾನ್ಸರ್ ತರಿಸಬಹುದು ಎಂದು ಮೊದಲು ತೋರಿಸಿದ್ದು ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ. ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಹಚ್ಚಿ ಹಚ್ಚಿ, 1915ರಲ್ಲಿ ಗಡ್ಡೆ ಬಂದದ್ದನ್ನು ತೋರಿಸಿದರು. ಹೊರಗಿನ ವಸ್ತುವೊಂದು ಕ್ಯಾನ್ಸರ್ ತರಬಲ್ಲದು ಎಂಬುದು ಪ್ರಯೋಗದಲ್ಲಿ ಖಚಿತವಾಗಿದ್ದು ಆಗ. ಬೀಡಿ ಸಿಗರೇಟಿನ ಟಾರಿನ ಮೇಲೆ ಮುಂದೆ ನಡೆದ ಪ್ರಯೋಗಗಳಿಗೆ ದಾರಿ ತೆರೆದದ್ದು ಆ ಮೊಲಗಳೇ.

ಆಮೇಲೆ ಇಲಿಗಳ ಕಾಲ. ಇಲಿ ಎರಡು ಮೂರು ವರ್ಷ ಬದುಕುತ್ತದೆ, ಬೇಗ ಮರಿ ಹಾಕುತ್ತದೆ, ಅದರ ಬಹುಪಾಲು ಜೀನ್‌ಗಳಿಗೆ ನಮ್ಮಲ್ಲೂ ಜೋಡಿ ಇದೆ. ತಾರ್ನಾಕಾದಲ್ಲಿ ಇರುವ ಇಲಿಗಳ ವಂಶವನ್ನು 1920ರಿಂದ, ಅಂದರೆ ಕೂನೂರಿನ ಕಾಲದಿಂದಲೂ ಒಳಗೊಳಗೇ ಸಾಕಿಕೊಂಡು ಬಂದಿದ್ದಾರೆ. ಎಲ್ಲ ಇಲಿಗಳೂ ಒಂದೇ ಥರ ಇದ್ದರೆ, ವ್ಯತ್ಯಾಸ ಕಂಡಾಗ ಅದು ಔಷಧಿಯಿಂದ ಬಂದದ್ದು ಎಂದು ಹೇಳುವುದು ಸುಲಭ.

ಕೆಲವು ಇಲಿಗಳಿಗೆ ಮೈಮೇಲೆ ಕೂದಲೇ ಇಲ್ಲ. 1960ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಂಥ ಬೋಳು ಇಲಿಗಳು ಕಂಡುಬಂದವು. ಇವುಗಳಲ್ಲಿ ಥೈಮಸ್ ಗ್ರಂಥಿಯೂ ಬೆಳೆಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಹೊರಗಿನದನ್ನು ಗುರುತಿಸಿ ಹೊಡೆಯುವ ಬಿಳಿ ರಕ್ತಕಣಗಳು ತಯಾರಾಗುವುದು ಆ ಗ್ರಂಥಿಯಲ್ಲಿ. ಅದಿಲ್ಲದ ಇಲಿಗೆ ಮನುಷ್ಯನ ಗಡ್ಡೆಯ ಚೂರನ್ನು ಕಸಿ ಮಾಡಿದರೂ ಅದು ತಿರಸ್ಕರಿಸುವುದಿಲ್ಲ. 1969ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಹೀಗೆ ಮನುಷ್ಯನ ಕರುಳಿನ ಗಡ್ಡೆಯನ್ನು ಇಲಿಯಲ್ಲಿ ಬೆಳೆಸಿದರು. ಮುಂದೆ 1980ರ ದಶಕದಲ್ಲಿ ಜೀನ್ ಬದಲಿಸಿ, ಹುಟ್ಟಿನಿಂದಲೇ ಕ್ಯಾನ್ಸರಿಗೆ ಒಲಿಯುವ ಇಲಿಗಳನ್ನೂ ತಯಾರಿಸಿದರು. ಅಂಥ ಒಂದು ಇಲಿಗೆ 1988ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೂಡ ಸಿಕ್ಕಿತು.

ಪ್ರತಿ ಮಾದರಿಯ ಶಕ್ತಿಯ ಜೊತೆಗೇ ಅದರ ಕೊರತೆಯೂ ಇರುತ್ತದೆ. ಬೋಳು ಇಲಿಯಲ್ಲಿ ಮನುಷ್ಯನ ಗಡ್ಡೆ ಬೆಳೆಯುತ್ತದೆ, ಆದರೆ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿಗಳನ್ನು ಅದರಲ್ಲಿ ಪರೀಕ್ಷಿಸುವಂತಿಲ್ಲ, ಆ ಶಕ್ತಿಯೇ ಇಲ್ಲವಲ್ಲ! ಅದಕ್ಕೆ ಆರೋಗ್ಯವಂತ ಇಲಿಯೇ ಬೇಕು. ಜೇಮ್ಸ್ ಆಲಿಸನ್ ಅಂಥ ಇಲಿಗಳಲ್ಲಿ 1990ರ ದಶಕದಲ್ಲಿ ಮಾಡಿದ ಪ್ರಯೋಗದಿಂದಲೇ ಇಮ್ಯುನೋಥೆರಪಿಯ ಒಂದು ಮುಖ್ಯ ಔಷಧಿ ಬಂತು. 2018ರಲ್ಲಿ ಅವರಿಗೆ ನೊಬೆಲ್ ಪಾಲು ಸಿಕ್ಕಿತು.

ನಮ್ಮ ಗಂಗಾ ಬಯಲಿನ ಹಳ್ಳಕೊಳ್ಳಗಳಲ್ಲಿ ಸಿಗುವ ಪಟ್ಟೆಪಟ್ಟೆಯ ಜೀಬ್ರಾ ಮೀನು ಕೂಡ ಈಗ ಕ್ಯಾನ್ಸರ್ ಮಾದರಿ. ಮರಿಯ ಮೈ ಗಾಜಿನ ಹಾಗೆ ಪಾರದರ್ಶಕ. ಗಡ್ಡೆಯ ಕೋಶ ಎಲ್ಲಿಂದ ಎಲ್ಲಿಗೆ ಹರಡುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಜೀವಂತವಾಗಿ ನೋಡಬಹುದು.

ಮಾದರಿ ಕೈಕೊಟ್ಟಾಗ, ಕೈಹಿಡಿದಾಗ

2006ರಲ್ಲಿ ಲಂಡನ್ನಿನಲ್ಲಿ ನಡೆದದ್ದು ಕೇಳಿ. ರಕ್ತದ ಕ್ಯಾನ್ಸರ್ ಮತ್ತು ಕೀಲುವಾತಕ್ಕೆಂದು ತಯಾರಿಸಿದ ಒಂದು ಔಷಧಿಯನ್ನು ಕೋತಿಗಳಿಗೆ ಕೊಟ್ಟು ನೋಡಿದ್ದರು, ಏನೂ ಆಗಿರಲಿಲ್ಲ. ಕೋತಿಗೆ ಕೊಟ್ಟದ್ದರ ಸುಮಾರು 500ರಲ್ಲಿ ಒಂದು ಪಾಲನ್ನು ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರೂ ಜನ ಐ.ಸಿ.ಯು. ಸೇರಿದರು. ಜೀವ ಉಳಿಯಿತು, ಆದರೆ ಕೋತಿಯ ಮೈ ಮನುಷ್ಯನ ಮೈ ಅಲ್ಲ ಎಂಬುದು ಜಗತ್ತಿಗೇ ಗೊತ್ತಾಯಿತು. ಪ್ರಾಣಿಗಳಲ್ಲಿ ಪಾಸಾಗಿ ಮನುಷ್ಯರ ಪರೀಕ್ಷೆಗೆ ಬರುವ ಕ್ಯಾನ್ಸರ್ ಔಷಧಿಗಳಲ್ಲಿ ಕೊನೆಗೆ ಅಂಗಡಿಗೆ ತಲುಪುವುದು ಇಪ್ಪತ್ತಕ್ಕೆ ಒಂದರಷ್ಟು ಮಾತ್ರ.

ಹಾಗಾದರೆ ಎಲ್ಲ ವ್ಯರ್ಥವೇ? ಅಲ್ಲ. ನಮ್ಮ ಖಬರಸ್ತಾನಗಳಲ್ಲಿ ನೀರು ಹಾಕದಿದ್ದರೂ ಅರಳಿ ನಿಂತಿರುವ ಸದಾಬಹಾರ್ ಹೂವು ನೋಡಿದ್ದೀರಲ್ಲ? ಕನ್ನಡದಲ್ಲಿ ನಿತ್ಯಪುಷ್ಪ, ಕಾಶಿ ಕಣಗಿಲೆ ಅನ್ನುತ್ತಾರೆ. ಸಕ್ಕರೆ ಕಾಯಿಲೆಗೆ ಅದರ ಎಲೆ ಒಳ್ಳೆಯದು ಎಂಬ ನಂಬಿಕೆ ಹಲವು ದೇಶಗಳಲ್ಲಿ ಇತ್ತು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದರ ರಸವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ. ಬದಲಿಗೆ ಇಲಿಗಳ ಬಿಳಿ ರಕ್ತಕಣಗಳು ಇಳಿದುಹೋದವು. ಬಿಳಿ ಕಣಗಳು ಮಿತಿಮೀರಿ ಹೆಚ್ಚುವ ರೋಗವೇ ರಕ್ತದ ಕ್ಯಾನ್ಸರ್ ಅಲ್ಲವೇ? ಈ ಎಳೆ ಹಿಡಿದು ಹೊರಟಾಗ ಸಿಕ್ಕ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಇಂದಿಗೂ ಕ್ಯಾನ್ಸರಿನ ಔಷಧಿಗಳು. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಡುವ ಮುಖ್ಯ ಔಷಧಿಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು.

ಹಾಗಂತ ಸದಾಬಹಾರ್ ಎಲೆಯನ್ನು ಕಿತ್ತು ತಿನ್ನಬೇಡಿ, ಅದು ವಿಷ. ಆ ಇಲಿಗಳಲ್ಲಿ ಎಷ್ಟೋ ಸೋಂಕು ತಗುಲಿ ಸತ್ತವು. ಎಲೆಯಿಂದ ಒಂದೇ ಒಂದು ಅಂಶವನ್ನು ಬೇರ್ಪಡಿಸಿ, ಪ್ರಮಾಣ ಅಳೆದು, ಮೂರು ಹಂತಗಳಲ್ಲಿ ಮನುಷ್ಯರಲ್ಲಿ ಪರೀಕ್ಷೆ ನಡೆಸಿದ ಮೇಲೆ ಅದು ಔಷಧಿ. ಮೊದಲ ಹಂತದಲ್ಲಿ ಕೆಲವೇ ಜನ: ಎಷ್ಟು ಕೊಟ್ಟರೆ ಅಪಾಯವಿಲ್ಲ? ಎರಡನೆಯದರಲ್ಲಿ: ಗಡ್ಡೆ ಕುಗ್ಗುತ್ತದಾ? ಮೂರನೆಯದರಲ್ಲಿ ನೂರಾರು ಜನ: ಈಗಿರುವ ಚಿಕಿತ್ಸೆಗಿಂತ ಇದು ಮೇಲಾ? ನಮ್ಮ ಮಾಮು ಹಚ್ಚಿದ ಅರಿಶಿನ ಬಾಯಿ ಕ್ಯಾನ್ಸರಿನ ಚಿಕಿತ್ಸೆಯಾಗಿ ಈ ಮೂರನೇ ಹಂತವನ್ನು ದಾಟಿಲ್ಲ.

ಆ ಮೂಕಪ್ರಾಣಿಗಳ ಲೆಕ್ಕ ಯಾರು ಕೊಡುತ್ತಾರೆ?

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು: "ಟೀಚರ್, ಇಲಿಗೆ ಬೇಕಂತಲೇ ಕ್ಯಾನ್ಸರ್ ತರಿಸೋದು ಜುಲ್ಮ್ ಅಲ್ವಾ?" ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿನ ಹದೀಸ್ ಮನೆಯಲ್ಲಿ ಕೇಳಿ ಬೆಳೆದ ಮಗು, ಹೀಗೆ ಕೇಳದಿದ್ದರೇ ಆಶ್ಚರ್ಯ. ಸುಲಭದ ಉತ್ತರ ನನ್ನ ಹತ್ತಿರ ಇರಲಿಲ್ಲ. ಗೊತ್ತಿರುವುದನ್ನು ಹೇಳಿದೆ.

ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಇದೆ. ಪ್ರಾಣಿ ಬಳಸುವ ಪ್ರತಿ ಸಂಸ್ಥೆಯಲ್ಲೂ ಒಂದು ನೈತಿಕ ಸಮಿತಿ ಇರಬೇಕು, ಅದರ ಒಪ್ಪಿಗೆ ಇಲ್ಲದೆ ಪ್ರಯೋಗ ಮಾಡುವಂತಿಲ್ಲ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಹೇಳಿದ ಮೂರು ಮಾತು ಇವತ್ತಿಗೂ ಆಧಾರ: ಬೇರೆ ದಾರಿ ಇದ್ದರೆ ಪ್ರಾಣಿಯನ್ನು ಬಳಸಬೇಡ, ಬಳಸಲೇಬೇಕಾದರೆ ಆದಷ್ಟು ಕಡಿಮೆ ಬಳಸು, ಬಳಸುವಾಗ ನೋವು ಕಡಿಮೆ ಮಾಡು.

ಬೇರೆ ದಾರಿಗಳೂ ಹುಟ್ಟುತ್ತಿವೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ತಂಡ ಕರುಳಿನ ಒಂದೇ ಕಾಂಡಕೋಶದಿಂದ ಪುಟಾಣಿ ಕರುಳನ್ನು ತಟ್ಟೆಯಲ್ಲಿ ಬೆಳೆಸಿತು. ಇವನ್ನು ಆರ್ಗನಾಯ್ಡ್ ಅನ್ನುತ್ತಾರೆ. ಈಗ ರೋಗಿಯ ಗಡ್ಡೆಯಿಂದಲೇ ಇಂಥ ಪುಟಾಣಿ ಗಡ್ಡೆ ಬೆಳೆಸಿ, ಯಾವ ಔಷಧಿ ಅದಕ್ಕೆ ನಾಟುತ್ತದೆ ಎಂದು ನೋಡಬಹುದು. 2023ರಲ್ಲಿ ನಮ್ಮ ದೇಶದ ಹೊಸ ಔಷಧಿ ನಿಯಮಗಳಿಗೆ ತಿದ್ದುಪಡಿ ಬಂದು, ಪ್ರಾಣಿಗಳ ಬದಲು ಇಂಥ ವಿಧಾನಗಳನ್ನೂ ಬಳಸಲು ದಾರಿಯಾಯಿತು. ಹೈದರಾಬಾದಿನಲ್ಲಿ ಎರಡೂ ಒಟ್ಟಿಗೆ ನಡೆಯುತ್ತಿವೆ. ಶಾಮೀರ್‌ಪೇಟ್ ಕಡೆಯ ಜೀನೋಮ್ ವ್ಯಾಲಿಯಲ್ಲಿ 2022ರ ಡಿಸೆಂಬರಿನಲ್ಲಿ ಪ್ರಯೋಗದ ಪ್ರಾಣಿಗಳಿಗಾಗಿ ರಾಷ್ಟ್ರೀಯ ಕೇಂದ್ರವೊಂದು ಉದ್ಘಾಟನೆಯಾಯಿತು. ಇತ್ತ ಹಬ್ಸಿಗುಡಾದ ಸಿ.ಸಿ.ಎಂ.ಬಿ.ಯ ಇನ್‌ಕ್ಯುಬೇಷನ್ ಕೇಂದ್ರದಲ್ಲಿ ಮನುಷ್ಯರ ಕೋಶಗಳಿಂದಲೇ ಮಾದರಿ ಕಟ್ಟುವ ಕೆಲಸಕ್ಕೆಂದೇ ಒಂದು ವಿಭಾಗ ಇದೆ. ಪ್ರಾಣಿ ಪೂರ್ತಿ ಬೇಡವಾಗುವ ದಿನ ಇನ್ನೂ ಬಂದಿಲ್ಲ, ಆದರೆ ಆ ದಿಕ್ಕಿಗೆ ಹೆಜ್ಜೆ ಬಿದ್ದಿದೆ.

ಮುಂದಿನ ಸಲ ಮೆಸೇಜು ಬಂದಾಗ

"ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ" ಅಂತ ಯಾರಾದರೂ ಕಳಿಸಿದರೆ ನಾಲ್ಕು ಪ್ರಶ್ನೆ ಕೇಳಿ. ಪ್ರಯೋಗ ನಡೆದದ್ದು ತಟ್ಟೆಯಲ್ಲಾ, ಇಲಿಯಲ್ಲಾ, ಮನುಷ್ಯನಲ್ಲಾ? ರೋಗ ಬರದಂತೆ ತಡೆಯಿತಾ, ಬಂದದ್ದನ್ನು ವಾಸಿ ಮಾಡಿತಾ? ಎಷ್ಟು ಪ್ರಮಾಣ, ಯಾವ ರೂಪದಲ್ಲಿ ಕೊಟ್ಟರು? ಮನುಷ್ಯರಲ್ಲಿ ಈಗಿರುವ ಚಿಕಿತ್ಸೆಯ ಎದುರು ಹೋಲಿಸಿ ನೋಡಿದ್ದಾರಾ? ಉತ್ತರ ಸಿಗದಿದ್ದರೆ ಅದು ಒಳ್ಳೆಯ ಸುದ್ದಿ ಇರಬಹುದು, ಇಲಾಜು ಅಲ್ಲ.

ಇನ್ನು ಮನೆಯಲ್ಲಿ ಗುಟ್ಕಾ, ಜರ್ದಾ, ಅಡಿಕೆ ತಿನ್ನುವವರು ಇದ್ದರೆ ಇವತ್ತೇ ಬಾಯಿ ತೆರೆಸಿ ನೋಡಿ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತವಾ? ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಕಲೆ ಇದೆಯಾ? ಇದ್ದರೆ ಕಾಯಬೇಡಿ. ಬೆಂಗಳೂರಿನಲ್ಲಿ ಕಿದ್ವಾಯಿ, ಹೈದರಾಬಾದಿನಲ್ಲಿ ಎಂ.ಎನ್.ಜೆ. ಇವೆ, ಎರಡೂ ಸರ್ಕಾರಿ ಆಸ್ಪತ್ರೆಗಳು. ಎಂ.ಎನ್.ಜೆ. ಅಂದರೆ ಮೆಹದಿ ನವಾಜ್ ಜಂಗ್, ಮುಂದೆ ಗುಜರಾತಿನ ಮೊದಲ ರಾಜ್ಯಪಾಲರಾದವರು. 1955ರಲ್ಲಿ ಶುರುವಾದ ಆ ಆಸ್ಪತ್ರೆ ಅವರ ಹೆಸರಿನಲ್ಲಿದೆ. ಬೀದರ್, ಕಲಬುರಗಿ ಕಡೆಯವರಿಗೆ ಬೆಂಗಳೂರಿಗಿಂತ ಹತ್ತಿರ.

ನಮ್ಮ ಮಾಮು ಬದುಕಿದ್ದಾರೆ, ಅಲ್ಹಮ್ದುಲಿಲ್ಲಾಹ್. ಗಂಜಿ, ಮೆತ್ತಗೆ ಬೇಯಿಸಿದ ಖಿಚಡಿ ಅಷ್ಟೇ ಊಟ. ಮಾತು ಸ್ವಲ್ಪ ತೊದಲುತ್ತದೆ. ಈಗ ಅಂಗಡಿಗೆ ಬರುವ ಹುಡುಗರ ಜೇಬಿನಲ್ಲಿ ಗುಟ್ಕಾ ಪ್ಯಾಕೆಟ್ ಕಂಡರೆ ಏನೂ ಹೇಳುವುದಿಲ್ಲ, ಮುಖಕ್ಕೆ ಸುತ್ತಿಕೊಂಡ ರುಮಾಲನ್ನು ಬಿಚ್ಚಿ ತೋರಿಸುತ್ತಾರೆ. ಖಿಚಡಿಗೆ ಮಾಮಿ ಇಂದಿಗೂ ಅರಿಶಿನ ಹಾಕುತ್ತಾರೆ. ಹಾಕಲಿ. ಅದರ ಜಾಗ ಅಡುಗೆಮನೆ.